ಹೊಳೆ ಹಾಳೆಯಲ್ಲಿ ಬಂತು: ನನ್ನ ಗ್ರಾಫಿನ ಅನುಭವ

2024ರ ಜುಲೈ ಕೊನೆಯ ವಾರ ನಮ್ಮ ದಂಡೆಯಲ್ಲಿ ಎಲ್ಲರಿಗಿಂತ ಮೊದಲು ಮೇಲೆ ಬಂದದ್ದು ಹೊಳೆಯಿಂದ ಹೊಲಕ್ಕೆ ನೀರೆತ್ತುವ ನನ್ನ ಮೋಟರು. ನೀರು ಇನ್ನೂ ಕೆಳಗೇ ಇತ್ತು. ‘ಕಾಕಾ, ಹೊಳಿ ಹಾಳ್ಯಾಗ ಬರತೈತೇನು?’ ಎಂದು ನಕ್ಕ ಹುಡುಗರು ಮರುದಿನ ಸಂಜೆ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದರು. ನಾನು ದಂಡೆ ಮೇಲೆ ಚಹಾ ಕುಡಿಯುತ್ತಿದ್ದೆ.

ನಮ್ಮದು ಜಮಖಂಡಿ ತಾಲ್ಲೂಕು, ಚಿಕ್ಕಪಡಸಲಗಿ ಕಡೆ. 1989ರಲ್ಲಿ ರೈತರೇ ಸೇರಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಜಾಗ. ಆರು ಎಕರೆ ಕಬ್ಬು, ಹೊಳೆಗೆ 15 ಎಚ್‌ಪಿ ಮೋಟರು. 2019ರ ಆಗಸ್ಟಿನಲ್ಲಿ ಮೋಟರು, ಸ್ಟಾರ್ಟರು, ಪೈಪು ಸೇರಿ ಒಂದು ಲಕ್ಷದ ಹತ್ತಿರ ಹೊಳೆಪಾಲಾಯಿತು. ಮುಂದಿನ ಮಳೆಗಾಲದಲ್ಲಿ ಹೆದರಿ ನಾಲ್ಕು ಸಲ ಎತ್ತಿಸಿದೆ. ಟ್ರ್ಯಾಕ್ಟರು, ಆಳು, ಮತ್ತೆ ಇಳಿಸುವುದು ಅಂತ ಸಲಕ್ಕೆ ಮೂರು ಮೂರೂವರೆ ಸಾವಿರ. ಅದರಲ್ಲಿ ಮೂರು ಸಲ ನೀರು ಬರಲೇ ಇಲ್ಲ.

ಅಂಕಿ ಎಲ್ಲರ ಮೊಬೈಲಿಗೂ ಬರುತ್ತವೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ ನೀರು), ದೂಧಗಂಗಾ ನದಿಯಿಂದ ಇಷ್ಟು, ಎರಡೂ ಕೂಡಿ ನಮಗಿಂತ ಮೇಲಿರುವ ಕಲ್ಲೋಳದಲ್ಲಿ ಇಷ್ಟು. ಫಾರ್ವರ್ಡ್ ಮಾಡಿ ಮರೆತುಬಿಡುತ್ತೇವೆ. ನಾನು ಅರವತ್ತು ರೂಪಾಯಿ ಕೊಟ್ಟು ಗ್ರಾಫ್ ಪುಸ್ತಕ ತಂದೆ.

ಮೊದಲ ವರ್ಷ ಮಾಡಿದ್ದು ನೆನೆದರೆ ನನಗೇ ನಗು. ಎಡಗಡೆ ಕ್ಯುಸೆಕ್, ಬಲಗಡೆ ನಮ್ಮ ಕೆಳಗಿನ ಆಲಮಟ್ಟಿ ಅಣೆಕಟ್ಟೆಯಲ್ಲಿ ತುಂಬಿದ ನೀರು, ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕದಲ್ಲಿ, ಒಂದೇ ಹಾಳೆಯಲ್ಲಿ ಎರಡು ಗೆರೆ. ಎರಡೂ ಒಂದನ್ನೊಂದು ದಾಟಿದ ದಿನ ನೀರು ಏರುತ್ತದೆ ಎಂದು ಕಟ್ಟೆ ಮೇಲೆ ಕೂತು ಸಾರಿಬಿಟ್ಟೆ. ಏರಲಿಲ್ಲ. ಏರುವುದಾದರೂ ಹೇಗೆ? ಬಲಗಡೆಯ ಅಳತೆ ಸ್ವಲ್ಪ ಬದಲಿಸಿದರೆ ಗೆರೆಗಳು ಬೇರೆ ದಿನವೇ ದಾಟುತ್ತವೆ. ಅದು ಹೊಳೆಯ ಮಾತಲ್ಲ, ನನ್ನ ಸ್ಕೇಲಿನ ಮಾತು. ಊರಲ್ಲಿ ಒಂದು ವರ್ಷ ನನ್ನ ಹೆಸರು ‘ಗೆರಿ ಕಾಕಾ’.

ಆಮೇಲೆ ಮಗ ಎಕ್ಸೆಲ್‌ನಲ್ಲಿ ಹಾಕಿದ. ನೋಡಲು ಚೆಂದ. ಆದರೆ ನಡುವೆ ಐದು ದಿನ ಅಂಕಿ ಬರೆದಿರಲಿಲ್ಲ. ತಾರೀಖುಗಳನ್ನು ಸುಮ್ನೆ ಅಕ್ಷರ ಎಂದುಕೊಂಡ ಅದು ಐದು ದಿನವನ್ನೂ ಒಂದೇ ಹೆಜ್ಜೆ ಮಾಡಿತು. ನಿಧಾನಕ್ಕೆ ಏರಿದ ನೀರು ಗೋಡೆ ಹತ್ತಿದ ಹಾಗೆ ಕಂಡಿತು. ಇನ್ನೊಂದರಲ್ಲಿ ಗೆರೆ ನುಣುಪಾಗಲಿ ಎಂದು ಒತ್ತಿದ್ದ. ಯಾವ ದಿನವೂ ಹರಿಯದಷ್ಟು ನೀರು ಆ ಡೊಂಕು ಗೆರೆಯಲ್ಲಿ ಹರಿಯಿತು! ಅದನ್ನು ನಂಬಿ ಮತ್ತೊಮ್ಮೆ ಮೂರೂವರೆ ಸಾವಿರ ಕಳೆದೆ. ಬೆಳಗಿನ ಅಂಕಿ, ಸಂಜೆಯ ಅಂಕಿ ಕಲಸಿ ಹಾಕಿದ್ದರಿಂದ ಬಂದ ಗರಗಸದ ಹಲ್ಲುಗಳ ಕತೆ ಬೇರೆ.

ದಾರಿ ಸಿಕ್ಕಿದ್ದು ಕೆಳಗಿನ ಗೆರೆ ಕಾಣುವಂಥ ತೆಳು ಬಟರ್ ಪೇಪರಿನಿಂದ. ಹೊಳೆದಂಡೆಯ ನಮ್ಮ ಜಾಕ್‌ವೆಲ್ (ನೀರೆತ್ತುವ ಬಾವಿ) ಗೋಡೆಗೆ ಅಡಿ ಲೆಕ್ಕದಲ್ಲಿ ಬಣ್ಣ ಬಳಿದೆ. ಆ ಎತ್ತರವನ್ನು ದಿನಾ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದೆ, ದಿನಕ್ಕೆ ಎರಡು ಸೆಂಟಿಮೀಟರ್. ಕಲ್ಲೋಳದ ಕ್ಯುಸೆಕ್ಕನ್ನು ಅದೇ ಅಗಲದಲ್ಲಿ ಬಟರ್ ಪೇಪರಿನ ಮೇಲೆ ಬರೆದೆ. ಒಂದರ ಮೇಲೊಂದು ಇಟ್ಟು, ಗುಡ್ಡದ ಮೇಲೆ ಗುಡ್ಡ ಕೂರುವವರೆಗೆ ಬಲಕ್ಕೆ ಜರುಗಿಸಿದೆ. ಮೂರು ಸೆಂಟಿಮೀಟರ್ ಹತ್ತಿರ ಕೂತಿತು. ಅಂದರೆ ಒಂದೂವರೆ ದಿನ. ಸಣ್ಣ ನೀರಿಗೆ ಸ್ವಲ್ಪ ಕಡಿಮೆ. ಹೊಲಕ್ಕೆಲ್ಲ ಹರಡುವಂಥ ದೊಡ್ಡ ನೀರಿಗೆ ಜಾಸ್ತಿ, ನಾಲ್ಕು ಸೆಂಟಿಮೀಟರ್ ತನಕ ಹೋಗಿದ್ದೂ ಉಂಟು.

ಆದರೂ ಒಂದು ಕಗ್ಗಂಟು ಉಳಿಯಿತು. ಒಂದೂಕಾಲು ಲಕ್ಷ ಕ್ಯುಸೆಕ್ ಬಂದಾಗ ಒಮ್ಮೆ ನೀರು ಗೋಡೆಯ ಒಂದು ಗುರುತಿನ ಕೆಳಗೆ, ಇನ್ನೊಮ್ಮೆ ಅದೇ ಗುರುತಿಗಿಂತ ಎರಡು ಅಡಿ ಮೇಲೆ. ಗೆರೆ ಎಳೆಯುವುದು ಬಿಟ್ಟು ಬರೀ ಚುಕ್ಕೆ ಇಟ್ಟೆ, ಅಡ್ಡಕ್ಕೆ ಕ್ಯುಸೆಕ್, ಉದ್ದಕ್ಕೆ ನಮ್ಮ ಗೋಡೆಯ ಅಡಿ. ಚುಕ್ಕೆಗಳು ಚೆಲ್ಲಾಪಿಲ್ಲಿ. ಒಂದು ರಾತ್ರಿ ತಲೆಗೆ ಹೊಳೆದು, ಆಲಮಟ್ಟಿ ತುಂಬುತ್ತ ಬಂದ ದಿನಗಳಿಗೆ ಕೆಂಪು, ಖಾಲಿ ಇದ್ದ ದಿನಗಳಿಗೆ ನೀಲಿ ಹಚ್ಚಿದೆ. ಎರಡು ಬೇರೆ ಬೇರೆ ಸಾಲು ಎದ್ದು ಕಂಡವು! ಅಣೆಕಟ್ಟೆ 519.60 ಮೀಟರಿನ ಹತ್ತಿರ ತುಂಬಿದ್ದರೆ ಹಿನ್ನೀರು ನಮ್ಮ ತನಕ ಒತ್ತುತ್ತದೆ, ಮೇಲಿನ ನೀರು ಕೆಳಗಿಳಿಯಲು ಜಾಗ ಇರುವುದಿಲ್ಲ. ಹಿರಿಯರಿಗೆ ಗೊತ್ತಿದ್ದದ್ದೇ. ಎಷ್ಟು ಅಡಿ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಯಾವ ಮಟ್ಟದಿಂದ ಕೆಂಪು ಹಚ್ಚಬೇಕು ಎಂಬುದನ್ನು ಹೇಳುವುದಿಲ್ಲ. ನಿಮ್ಮ ದಂಡೆಯದು ನೀವೇ ಹುಡುಕಿ, ಎರಡು ಮಳೆಗಾಲ ಬೇಕು.

ನಡುವೆ ಇನ್ನೊಂದು ಆಟವೂ ಆಡಿದೆ. ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಒಳಹರಿವಿನಲ್ಲಿ ಹೊರಹರಿವು ಕಳೆದು, ಅಣೆಕಟ್ಟೆಯ ಟಿಎಂಸಿ ಅಷ್ಟೇ ಏರಿದೆಯಾ ನೋಡುತ್ತೇನೆ. ಒಂದು ಸಲ ಮೂರು ಲಕ್ಷ ಬರುತ್ತಿದೆ, ಎರಡು ಲಕ್ಷ ಬಿಡುತ್ತಿದ್ದಾರೆ ಎಂಬ ಮೆಸೇಜ್ ಊರೆಲ್ಲ ಓಡಾಡಿತು. ಹಾಗಿದ್ದರೆ ದಿನಕ್ಕೆ ಎಂಟೂವರೆ ಟಿಎಂಸಿ ಏರಬೇಕಿತ್ತು, ಒಂದೂ ಏರಿರಲಿಲ್ಲ. ಮೋಟರು ಮುಟ್ಟಲಿಲ್ಲ, ದುಡ್ಡು ಉಳಿಯಿತು.

2024ರಲ್ಲಿ ಕಲ್ಲೋಳದಲ್ಲಿ ಎರಡು ಲಕ್ಷ ದಾಟಿದ ದಿನವೇ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದೆ. ಬಾಡಿಗೆ ಮಾಮೂಲಿ. ಮರುದಿನ ಅವನೇ ಉಳಿದವರಿಗೆ ದುಪ್ಪಟ್ಟು ಹೇಳಿದನಂತೆ.

ಈಗ ಮುಧೋಳ ಕಡೆಯ ಅಳಿಯ ಘಟಪ್ರಭಾಕ್ಕೂ ಮಾಡಿಕೊಡಿ ಮಾವ ಎಂದು ಬೆನ್ನು ಬಿದ್ದಿದ್ದಾನೆ. ಹಿಡಕಲ್ ಅಣೆಕಟ್ಟೆಯಿಂದ ಬಿಟ್ಟ ನೀರನ್ನು ಬಟರ್ ಪೇಪರಿಗೆ ಹಾಕಿ ನೋಡಿದೆ. ನಡುವೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಬಂದು ಕೂಡುತ್ತವಲ್ಲ, ಮೂರು ಹಾಳೆ ಕೆಟ್ಟರೂ ಗುಡ್ಡದ ಮೇಲೆ ಗುಡ್ಡ ಕೂತಿಲ್ಲ.