ಪೋಷಕ ನಟನೂ ಆಗಬೇಕು, ಚಿತ್ರಕಥೆಯನ್ನೂ ಬರೆಯಬೇಕು ಅನ್ನೋರಿಗೆ

ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನ ಬಿಡು ಅಂತ ಹೇಳೋರು ಜಾಸ್ತಿ ಸಿಗುತ್ತಾರೆ. ಬಿಡಬೇಡಿ. ಗಿರೀಶ್ ಕಾರ್ನಾಡರು 1970ರ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು, ಅದರ ಮುಖ್ಯ ಪಾತ್ರ ಪ್ರಾಣೇಶಾಚಾರ್ಯರಾಗಿ ತಾವೇ ನಟಿಸಿದರು. ಮುಂದೆ ಹಿಂದಿಯ ‘ಭೂಮಿಕಾ’ ಚಿತ್ರಕಥೆಗೆ ಶ್ಯಾಮ್ ಬೆನೆಗಲ್, ಸತ್ಯದೇವ್ ದುಬೆ ಜೊತೆ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ಮನುಷ್ಯ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ ಮನೆಮನೆಗೂ ಬಂದರು.

ಮೊದಲು ನಾಟಕ ಮಾಡಿ. ನಾಟಕ ಕಲಿಸುವ ಹೆಗ್ಗೋಡಿನ ನೀನಾಸಮ್‌ಗೆ ಹೋಗೋಕೆ ಆದರೆ ಹೋಗಿ, ಆಗದಿದ್ದರೆ ನಿಮ್ಮೂರಿನ ಹವ್ಯಾಸಿ ತಂಡ ಸಾಕು.

ಸಿನಿಮಾದಲ್ಲಿ ಶುರುವಿಗೆ ಸಿಗೋದು ಒಂದೋ ಎರಡೋ ಸೀನು. ಸೀನ್ ಪೇಪರ್ ಕೈಗೆ ಬಂದ ತಕ್ಷಣ ಮಾತು ಉರು ಹೊಡೆಯಬೇಡಿ. ಇದರ ಹಿಂದಿನ ಸೀನ್ ಏನು, ಮುಂದಿನದು ಏನು ಅಂತ ಅಸಿಸ್ಟೆಂಟ್ ಡೈರೆಕ್ಟರ್ ಹತ್ತಿರ ಕೇಳಿ. ಉದಾಹರಣೆಗೆ ನಿಮ್ಮದು ತಾಲ್ಲೂಕು ಕಚೇರಿ ಗುಮಾಸ್ತನ ಪಾತ್ರ ಅಂದುಕೊಳ್ಳಿ. ಪೇಪರ್‌ನಲ್ಲಿ “ನಿಮ್ಮ ಅರ್ಜಿಯನ್ನು ಪರಿಶೀಲಿಸುತ್ತೇವೆ, ನಾಳೆ ಬನ್ನಿ” ಅಂತ ಇದೆ. ಎದುರಿಗೆ ನಿಂತ ಮುದುಕನ ಮುಖವನ್ನೇ ನೋಡದೆ ಫೈಲಿನ ದಾರ ಎರಡು ಸುತ್ತು ಸುತ್ತಿ ಗಂಟು ಹಾಕಿ, ಆಮೇಲೆ “ನಾಳೆ ಬನ್ನಿ” ಅಂತ ಅಷ್ಟೇ ಹೇಳಿ ನೋಡಿ. ಮೊದಲ ಅರ್ಧ ಮಾತು ಬೇಕೇ ಆಗಲಿಲ್ಲ, ಅಲ್ವಾ? ಆ ಅರ್ಧವನ್ನ ದಾರವೇ ಹೇಳಿಬಿಟ್ಟಿತು. (ಮಾತು ಕಡಿಮೆ ಮಾಡೋ ಮುಂಚೆ ನಿರ್ದೇಶಕರನ್ನ ಕೇಳಿ, ನಿಮ್ಮಷ್ಟಕ್ಕೆ ಬದಲಿಸಬೇಡಿ.)

ಇದನ್ನೇ ಬರೆಯುವಾಗ ನೆನಪಿಟ್ಟುಕೊಳ್ಳಿ. ಶೂಟಿಂಗ್‌ನಲ್ಲಿ ನಿಮ್ಮ ಶಾಟ್‌ಗೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಸುಮ್ನೆ ಮೊಬೈಲ್ ನೋಡುತ್ತಾ ಕೂರುವ ಬದಲು ಬೇರೆಯವರ ಸೀನ್ ನೋಡಿ, ಪೇಪರ್‌ನಲ್ಲಿ ಚೆನ್ನಾಗಿದ್ದ ಯಾವ ಮಾತು ನಟನ ಬಾಯಲ್ಲಿ ತಡವರಿಸಿತು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಸಂಭಾಷಣೆಯನ್ನೂ ಎದ್ದುನಿಂತು ಜೋರಾಗಿ ಓದಿ. ಚಿತ್ರಕಥೆಯ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನೋದು ಲೆಕ್ಕ. ಎರಡೇ ಸೀನ್ ಇರುವ ಪಾತ್ರಕ್ಕೂ ತನ್ನದೇ ಒಂದು ಆಸೆಯೋ ಗುರಿಯೋ ಇರಲಿ. ಅದಿಲ್ಲದ ಪಾತ್ರ ಮಾಡೋ ಸಂಕಟ ನಿಮಗೇ ಗೊತ್ತಲ್ಲ!

ಇನ್ನು ದುಡ್ಡು. ನಾನೊಮ್ಮೆ ಬಾಯಿಮಾತು ನಂಬಿ ಇಡೀ ಚಿತ್ರಕಥೆ ಬರೆದುಕೊಟ್ಟೆ. ಸಂಭಾವನೆಯೂ ಬರಲಿಲ್ಲ, ತೆರೆಯ ಮೇಲೆ ಹೆಸರೂ ಬರಲಿಲ್ಲ. ಆ ನೋವು ಇನ್ನೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ನಿರ್ಮಾಪಕರಿಗೋ ನಿರ್ದೇಶಕರಿಗೋ ಕಥೆ ಹೇಳುವ ಮೊದಲು ಸ್ಕ್ರಿಪ್ಟನ್ನ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ನೋಂದಾಯಿಸಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಚಿತ್ರೋದ್ಯಮದ ಸಂಸ್ಥೆಯಾದ ಫಿಲ್ಮ್ ಚೇಂಬರ್‌ನಲ್ಲಿ ನಿರ್ಮಾಪಕರು ಸಿನಿಮಾದ ಹೆಸರನ್ನ (ಟೈಟಲ್) ರಿಜಿಸ್ಟರ್ ಮಾಡಿಸಿದರೆ ನಿಮ್ಮ ಕಥೆಗೆ ರಕ್ಷಣೆ ಸಿಕ್ಕಂತೆ ಅಲ್ಲ. ಒಪ್ಪಂದದಲ್ಲಿ ಅಡ್ವಾನ್ಸ್ ಎಷ್ಟು, ಯಾವ ಡ್ರಾಫ್ಟ್‌ಗೆ ಎಷ್ಟು, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ ಬರುತ್ತದೆ, ಮೂರೂ ಇರಲಿ. ನಟನೆಗೆ ಬೇರೆ ಒಪ್ಪಂದ, ಬರವಣಿಗೆಗೆ ಬೇರೆ. ಕಥೆ ಹೇಳಿ ಬಂದ ದಿನವೇ “ಇವತ್ತು ಈ ಕಥೆ ಹೇಳಿದೆ” ಅಂತ ಕಥೆ ಕೇಳಿದವರಿಗೆ ಒಂದು ಮೇಲ್ ಹಾಕಿ, ಕಥೆಯ ಸಾರಾಂಶವನ್ನೂ ಅದರ ಜೊತೆಗೇ ಕಳಿಸಿ.