ಉಳ್ಳಾಗಡ್ಡಿಯಲ್ಲಿ ಜೀವಕೋಶ ನೋಡುವುದು ಹೇಗೆ?

ಬಾಗಲಕೋಟೆ ಸುತ್ತಲಿನ ಶಾಲೆಗಳ ವಿಜ್ಞಾನ ಮೇಳಕ್ಕೆ ಹೋದಾಗೆಲ್ಲ ಒಂದು ಮಾತು ಕೇಳುತ್ತೇನೆ: ‘ಜೀವಕೋಶ ನೋಡ್ರಿ ಸರ್.’ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರೆ ದುಂಡನೆಯ ಉಂಗುರ. ಅಂಚು ದಪ್ಪ, ಕಪ್ಪು. ನಡುವೆ ಏನೂ ಇಲ್ಲ. ಅದು ಗಾಳಿಗುಳ್ಳೆ! ಉಳ್ಳಾಗಡ್ಡಿ ಕೋಶ ದುಂಡಗಿರುವುದಿಲ್ಲ, ಇಟ್ಟಿಗೆ ಜೋಡಿಸಿದ ಗೋಡೆಯ ಹಾಗೆ ಉದ್ದುದ್ದ ಕಾಣಬೇಕು.

ಉಳ್ಳಾಗಡ್ಡಿಗೆ ನಮ್ಮಲ್ಲಿ ಬರವಿಲ್ಲ. ಗಟ್ಟಿಯಾದ, ರಸ ಇರುವ ಕೆಂಪು ಗಡ್ಡೆ ತಗೊಳ್ಳಿ. ನಾಲ್ಕು ಹೋಳು ಮಾಡಿ, ಒಂದು ದಪ್ಪ ಪದರು ಬಿಡಿಸಿ ಲಟಕ್ಕನೆ ಮುರಿಯಿರಿ. ಒಳಮೈ ಕಡೆ ತೆಳ್ಳನೆಯ ಪೊರೆ ಜೋತು ಬೀಳುತ್ತದೆ. ಚಿಮುಟದಿಂದ ಮೆಲ್ಲಗೆ ಎಳೆದು ತಕ್ಷಣ ನೀರಿಗೆ ಹಾಕಿ. ಫ್ಯಾನ್ ಆರಿಸಿರಿ. ನಮ್ಮ ಬಿಸಿಲಿಗೆ ಪೊರೆ ನಿಮಿಷದಲ್ಲೇ ಒಣಗಿ ಸುರುಳಿ ಸುತ್ತುತ್ತದೆ.

ಬಣ್ಣಕ್ಕೆ ಪೊರೆಯ ಮೇಲೆ ಒಂದು ಹನಿ ಸಫ್ರಾನಿನ್ (ಪ್ರಯೋಗಾಲಯದ ಕೆಂಪು ಬಣ್ಣ), ಒಂದು ನಿಮಿಷ, ಆಮೇಲೆ ನೀರಲ್ಲಿ ಅದ್ದಿ ತೊಳೆಯಿರಿ. ಅದಿಲ್ಲದಿದ್ದರೆ ಗಾಯಕ್ಕೆ ಹಚ್ಚುವ ಅಯೋಡಿನ್ ನೀರು ಬೆರೆಸಿ ಬಳಸಬಹುದು. ಕುಂಕುಮದ ನೀರು ಮಾತ್ರ ಬೇಡ. ಅದರ ಕಣಗಳನ್ನೇ ಕೋಶಕೇಂದ್ರ (ಕೋಶವನ್ನು ನಡೆಸುವ ಭಾಗ) ಎಂದು ತೋರಿಸಿದವರನ್ನು ಕಂಡಿದ್ದೇನೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಸ್ಲೈಡಿನ, ಅಂದರೆ ಗಾಜಿನ ಪಟ್ಟಿಯ, ನಡುವೆ ಒಂದು ಹನಿ ಗ್ಲಿಸರಿನ್ ಬಿಡಿ. ನೀರೂ ನಡೆಯುತ್ತದೆ, ಆದರೆ ಬೇಗ ಆರುತ್ತದೆ. ನನ್ನ ಮಾತು ಕೇಳಿದರೆ ಗ್ಲಿಸರಿನ್ನೇ ಸರಿ. ಹನಿಯ ಮೇಲೆ ಪೊರೆ ಇಡಿ, ಬೆರಳಿನ ಉಗುರಿಗಿಂತ ಚಿಕ್ಕ ತುಂಡು ಸಾಕು. ದೊಡ್ಡದು ಮಡಚಿಕೊಳ್ಳುತ್ತದೆ, ಮಡಚಿದರೆ ಎರಡು ಗೋಡೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಎರಡು ಸೂಜಿಯಿಂದ ಅಂಚು ಬಿಡಿಸಿ, ಚಪ್ಪಟೆ ಹರಡಿ. ಈಗ ಕವರ್ ಸ್ಲಿಪ್, ಅಂದರೆ ಮೇಲೆ ಮುಚ್ಚುವ ತೆಳು ಗಾಜು. ಮೇಲಿಂದ ಪಟ್ಟನೆ ಇಟ್ಟರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದು ಖಂಡಿತ. ಅದರ ಒಂದು ಅಂಚನ್ನು ಹನಿಗೆ ತಾಗಿಸಿ, ಓರೆಯಾಗಿ ಹಿಡಿಯಿರಿ. ಹನಿ ಆ ಅಂಚಿನುದ್ದಕ್ಕೂ ಹರಿಯುವ ತನಕ ಕಾಯಿರಿ. ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನವಾಗಿ ಇಳಿಸಿ. ಆದರೂ ಗುಳ್ಳೆ ಬಂತಾ? ಬೆರಳಿಂದ ಒತ್ತಬೇಡಿ, ಪೊರೆ ಹಾಳಾಗುತ್ತದೆ, ಗುಳ್ಳೆ ಹೋಗುವುದಿಲ್ಲ. ಎತ್ತಿ ಮತ್ತೆ ಇಡಿ. ಎರಡು ನಿಮಿಷದ ಕೆಲಸ, ಬೇಜಾರು ಯಾಕೆ?

ಮೊದಲು ಕಡಿಮೆ ಶಕ್ತಿಯ ಮಸೂರದಲ್ಲೇ ನೋಡಿ. ಕಣ್ಣಿನ ಮಸೂರ 10, ಕೆಳಗಿನದು 10 ಇದ್ದರೆ 100 ಪಟ್ಟು. ಇಷ್ಟು ಸಾಕು. ಡಬ್ಬದ ಮೇಲೆ 1200 ಪಟ್ಟು ಎಂದು ಬರೆದ ಪ್ಲಾಸ್ಟಿಕ್ ಆಟಿಕೆಗೆ ದುಡ್ಡು ಸುರಿಯಬೇಡಿ, ಮಬ್ಬು ದೊಡ್ಡದಾಗುತ್ತದೆ ಅಷ್ಟೆ.

ಗೋಡೆ ಕಾಣುತ್ತದೆ. ಪ್ರತಿ ಕೋಶದಲ್ಲೂ ಒಂದು ಗಾಢ ಚುಕ್ಕೆ, ಅದು ಕೋಶಕೇಂದ್ರ. ಅದು ಎಷ್ಟೋ ಕಡೆ ಒಂದು ಬದಿಗೆ ಸರಿದಿರುತ್ತದೆ, ಯಾಕೆಂದರೆ ನಡುವಿನ ಜಾಗವನ್ನೆಲ್ಲ ರಸದಾನಿ, ಅಂದರೆ ಕೋಶದೊಳಗಿನ ನೀರಿನ ಚೀಲ, ಹಿಡಿದಿದೆ. ಗಡ್ಡೆ ಸೆಟೆದು ನಿಲ್ಲುವುದು ಅದರಲ್ಲಿ ತುಂಬಿದ ನೀರಿನಿಂದಲೇ. ಆಹಾರ ತಯಾರಿಸುವ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್, ಹುಡುಕಬೇಡಿ. ಆ ಕೆಲಸ ಮಾಡುವುದು ಮೇಲಿನ ತಪ್ಪಲು, ಅಂದರೆ ಎಲೆ; ಗಡ್ಡೆಯದು ಕೂಡಿಡುವ ಕೆಲಸ. ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಳಗೆ ಇವೆ, ಆದರೆ ಈ ಸ್ಲೈಡಿನಲ್ಲಿ ಗುರುತಿಗೆ ಸಿಗುವುದಿಲ್ಲ. ಚಾರ್ಟ್ ನೋಡಿ ಸುಮ್ನೆ ಸೇರಿಸಿ ಬರೆಯುವುದು ಮೋಸ, ಕಂಡಷ್ಟೇ ಬಿಡಿಸಿ.

ಸಮಯ ಇದ್ದರೆ ಇನ್ನೊಂದು ಮಾಡಿ. ಪದರಿನ ಹೊರಮೈಯಿಂದ ನೇರಳೆ ಪೊರೆ ತೆಗೆಯಿರಿ. ಬಣ್ಣ ಹಾಕಬೇಡಿ, ಗ್ಲಿಸರಿನ್ನೂ ಬೇಡ, ಬರೀ ನೀರು. ಕೋಶದ ನೇರಳೆ ಇರುವುದೇ ರಸದಾನಿಯಲ್ಲಿ. ಕವರ್ ಸ್ಲಿಪ್ಪಿನ ಒಂದು ಬದಿಗೆ ಉಪ್ಪುನೀರು ಬಿಟ್ಟು, ಇನ್ನೊಂದು ಬದಿಯಿಂದ ಒರಸು ಕಾಗದದಲ್ಲಿ ಹೀರಿಸಿ. ಗೋಡೆ ಇದ್ದಲ್ಲೇ ಇರುತ್ತದೆ, ನೇರಳೆ ಭಾಗ ಮಾತ್ರ ಕುಗ್ಗಿ ಗೋಡೆ ಬಿಟ್ಟು ಸರಿಯುತ್ತದೆ. ಬೇಗನೆ ಉಪ್ಪಿಲ್ಲದ ಬರೀ ನೀರು ಹಾಯಿಸಿದರೆ ಎಷ್ಟೋ ಕೋಶಗಳು ಮತ್ತೆ ತುಂಬಿಕೊಳ್ಳುತ್ತವೆ.