ಸೀಸ ಬಿಟ್ಟು ಬೇರೆ ತೋಟಾ ಆರಿಸೋದು ಹೇಗೆ?

ಅಮೆರಿಕದಲ್ಲಿ ಬಾತು, ಹೆಬ್ಬಾತು ಹೊಡೆಯೋಕೆ 1991ರಿಂದ ದೇಶದ ಉದ್ದಗಲಕ್ಕೂ ಸೀಸದ ಚರೆ (ತೋಟಾ ಒಳಗಿನ ಸಣ್ಣ ಗುಂಡು) ನಿಷೇಧ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಯಾವ ಬೇಟೆಗೂ ಸೀಸ ಬಳಸೋ ಹಾಗಿಲ್ಲ. ಕೆರೆ ತಳಕ್ಕೆ ಬಿದ್ದ ಚರೆನ ಬಾತುಗಳು ಕಲ್ಲಿನ ಹರಳು ಅಂತ ನುಂಗಿ ವಿಷ ಏರಿ ಸಾಯ್ತಿದ್ವು, ಅವನ್ನ ತಿಂದ ಹದ್ದುಗಳೂ ಸಾಯ್ತಿದ್ವು. ಇದೆಲ್ಲ ಅಲ್ಲಿ ಲೈಸೆನ್ಸ್ ಮಾಡಿಸ್ಕೊಂಡಿರೋ ನಮ್ಮೋರಿಗೂ ಗೊತ್ತು (ಊರಲ್ಲಿ ವನ್ಯಜೀವಿ ಕಾಯ್ದೆ ಇದೆ, ಈ ಲೇಖನ ಅಲ್ಲಿಗಲ್ಲ). ಎಡವೋದು ಅಂಗಡಿಯಲ್ಲಿ: ಸೀಸದಲ್ಲಿ 6ನೇ ನಂಬರ್ (ಚರೆ ಗಾತ್ರದ ನಂಬರ್, ಕಮ್ಮಿ ಆದಷ್ಟೂ ಚರೆ ದಪ್ಪ) ಹೊಡೀತಿದ್ದೆ, ಅದರ ಬದಲಿಗೆ ಬಂದಿರೋ ಸ್ಟೀಲಲ್ಲೂ ಅದನ್ನೇ ಕೊಡಿ ಅಂತ ಕೇಳಿ ತಂದು, ಆಮೇಲೆ ಸ್ಟೀಲ್ ದಂಡ ಅಂತ ಬೈತಾರೆ.

ಮೊದಲು ಕೋವಿ ನೋಡಿ. ನಳಿಗೆ ಮೇಲೆ ಎಷ್ಟು ಇಂಚಿನ ತೋಟಾ ಅಂತ ಬರೆದಿರತ್ತೆ. 2¾ ಇಂಚಿನ ಕೋವಿಗೆ 3 ಇಂಚಿನದು ಹಾಕಿದ್ರೂ ಸಲೀಸಾಗಿ ಕೂರತ್ತೆ, ಯಾಕಂದ್ರೆ ಆ ಅಳತೆ ಹೊಡೆದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿದ ಮೇಲಿಂದು, ಹಾಗಾಗಿ ಕೂತ್ಕೊಂಡ್ತಲ್ಲ ಅಂತ ಹೊಡೆದೀರಿ ಹುಷಾರು. ತಾತನ ಕಾಲದ ತೆಳು ನಳಿಗೆಯ ಜೋಡುಕೋವಿ ಆದ್ರೆ ಸ್ಟೀಲ್ ಬೇಡವೇ ಬೇಡ. ಕೋವಿ ರಿಪೇರಿ ಮಾಡೋ ಗನ್‌ಸ್ಮಿತ್‌ಗೆ ತೋರಿಸಿ, ಅವರು ಒಪ್ಪಿದ್ರೆ ಬಿಸ್ಮತ್ ಅನ್ನೋ ಲೋಹದ ಚರೆ ತಗೊಳ್ಳಿ, ಅದು ಮೆದು.

ಈಗ ನಂಬರ್. ಸ್ಟೀಲ್ ಚರೆ ಅದೇ ಗಾತ್ರದ ಸೀಸಕ್ಕಿಂತ ಸುಮಾರು 30% ಹಗುರ, ಬೇಗ ವೇಗ ಕಳ್ಕೊಳ್ಳತ್ತೆ. ಅದಕ್ಕೇ ಎರಡು ಸೈಜ್ ದಪ್ಪ ತಗೋಬೇಕು, ಅಂದ್ರೆ ನಂಬರ್ ಎರಡು ಕಮ್ಮಿ: ಸೀಸದಲ್ಲಿ 6 ಇದ್ರೆ ಸ್ಟೀಲಲ್ಲಿ 4, 4 ಇದ್ರೆ 2. ನನ್ ಪ್ರಕಾರ ದೊಡ್ಡ ಬಾತಿಗೆ 2, ಫೆಸೆಂಟ್‌ಗೆ (ಕೋಳಿ ಜಾತಿಯ ಕಾಡುಹಕ್ಕಿ) 3 ಅಥವಾ 4, ಹೆಬ್ಬಾತಿಗೆ ಬಿಬಿ (2ಕ್ಕಿಂತಲೂ ದಪ್ಪದ ಸೈಜ್). ಕಾಡುಪಾರಿವಾಳಕ್ಕೆ 7 ಸಾಕು, ಟೆಕ್ಸಸ್‌ನಲ್ಲಿ ಹೋಲಿಸಿ ನೋಡಿದಾಗ ಸೀಸಕ್ಕೂ ಅದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಸ್ಮತ್ ಸೀಸಕ್ಕೆ ಹತ್ತಿರದ ತೂಕ, ಒಂದು ಸೈಜ್ ದಪ್ಪ ಆದ್ರೆ ಆಯ್ತು, ಆದ್ರೆ ರೇಟು ಸ್ಟೀಲಿನ ಎಷ್ಟೋ ಪಟ್ಟು. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಭರ್ಜರಿ ಮಾಲು, ಬಾತಿಗೆ ಅದನ್ನ ಹೊಡೆಯೋದು ದುಡ್ಡು ಹಾರಿಸಿದ ಹಾಗೆ ಅಂತ ನಾನು ಕೊಳ್ಳಲ್ಲ. ಇನ್ನು ಡಬ್ಬಿ ಮೇಲೆ ಚರೆ ವೇಗ ಸೆಕೆಂಡಿಗೆ 1,700 ಅಡಿ ಅಂತ ದಪ್ಪಕ್ಷರದಲ್ಲಿ ಹಾಕಿರೋದಕ್ಕೆ ಮರುಳಾಗ್ಬೇಡಿ, ಭುಜಕ್ಕೆ ಒದೆ ಜಾಸ್ತಿ, ಚರೆ ಚೆದುರೋದೂ ಜಾಸ್ತಿ, 1,400 ಆಸುಪಾಸು ಇರೋದೇ ಸರಿ.

ಚೋಕ್ (ಚರೆ ಎಷ್ಟು ಹರಡಬೇಕು ಅಂತ ತೀರ್ಮಾನಿಸೋ, ನಳಿಗೆ ತುದಿಯ ಕಿರಿದಾದ ಭಾಗ) ವಿಷಯಕ್ಕೆ ಬರೋಣ, ಹೆಚ್ಚಿನೋರು ಕೆಡಿಸ್ಕೊಳ್ಳೋದೇ ಇಲ್ಲಿ. ಸೀಸ ನಳಿಗೆಯಲ್ಲಿ ನಜ್ಜುಗುಜ್ಜಾಗಿ ಚೆದುರ್ತಿತ್ತು, ಅದನ್ನ ಬಿಗಿ ಮಾಡೋಕೆ ತುಂಬ ಕಿರಿದಾದ ಫುಲ್ ಚೋಕ್ ಬೇಕಿತ್ತು. ಸ್ಟೀಲ್ ಗುಂಡಗೇ ಉಳಿಯತ್ತೆ, ತಾನಾಗೇ ಒಟ್ಟಿಗೆ ಹೋಗತ್ತೆ, ಅದಕ್ಕೆ ಅಷ್ಟು ಬಿಗಿ ಇಲ್ಲದ ಇಂಪ್ರೂವ್ಡ್ ಸಿಲಿಂಡರ್ ಅಥವಾ ಮಾಡಿಫೈಡ್ ಚೋಕ್ ಸಾಕು. ದಪ್ಪ ಸ್ಟೀಲನ್ನ ಬಿಗಿ ಫುಲ್ ಚೋಕಲ್ಲಿ ತೂರಿಸಿದ್ರೆ ನಳಿಗೆ ತುದಿ ಉಬ್ಬಿಕೊಳ್ಳೋ ಅಪಾಯ ಇದೆ. ಸರಿ, ಯಾವುದು ನಿಮ್ಮ ಕೋವಿಗೆ ಒಗ್ಗತ್ತೆ? ಅಂಗಡಿಯವನಿಗೂ ಗೊತ್ತಿಲ್ಲ, ಯೂಟ್ಯೂಬ್‌ನವನಿಗೂ ಗೊತ್ತಿಲ್ಲ. ಎರಡು ಮೂರು ಬ್ರ್ಯಾಂಡ್ ಒಂದೊಂದೇ ಡಬ್ಬಿ ತಗೊಂಡು ರೇಂಜಿಗೆ ಹೋಗಿ, ನಾಲ್ಕಡಿ ಅಗಲದ ಪೇಪರ್ ನಿಲ್ಸಿ, 35 ಗಜದಿಂದ ಹೊಡೀರಿ. ಚರೆ ದಟ್ಟವಾಗಿರೋ ಕಡೆ ಮಧ್ಯ ಹಿಡಿದು 30 ಇಂಚಿನ ವೃತ್ತ ಎಳೆದು ಎಣಿಸಿ. 1¼ ಔನ್ಸಿನ 2ನೇ ನಂಬರ್ ಸ್ಟೀಲಲ್ಲಿ ಸುಮಾರು 156 ಚರೆ ಇರತ್ತೆ, 110ರಷ್ಟು ಒಳಗೆ ಬಿದ್ರೆ ಚೆನ್ನಾಗಿದೆ ಅಂತ. ಆದ್ರೆ ಲೆಕ್ಕಕ್ಕಿಂತ ಮುಖ್ಯ ಒಂದು ಬಾತು ನುಸುಳೋ ಅಷ್ಟು ಖಾಲಿ ಜಾಗ ಇದ್ಯಾ ಅಂತ ನೋಡೋದು. ಒಂದೇ ಈಡಿಗೆ ತೀರ್ಮಾನಿಸ್ಬೇಡಿ, ಪ್ರತಿ ಚೋಕಿಗೂ ಹೊಸ ಪೇಪರ್ ಮೇಲೆ ಮೂರ್ಮೂರು ಸಲ ಹೊಡೀರಿ. 35 ಗಜದಾಚೆ ಹಾರೋ ಹಕ್ಕಿಗೆ ಸ್ಟೀಲ್ ಹೊಡೆಯೋ ಆಸೆ ಬಿಡಿ, ಗಾಯ ಆಗಿ ಎಲ್ಲೋ ಹೋಗಿ ಸಾಯತ್ತೆ.

ಗ್ಯಾರೇಜ್ ಸೇಲಲ್ಲಿ ಅಗ್ಗಕ್ಕೆ ಸಿಗೋ ಹಳೇ ಡಬ್ಬಿ ಮುಟ್ಬೇಡಿ, ನೀರು ತಾಗಿ ತುಕ್ಕು ಹಿಡಿದ್ರೆ ಸ್ಟೀಲ್ ಚರೆಗಳು ಒಂದಕ್ಕೊಂದು ಅಂಟಿ ಗಟ್ಟಿ ಉಂಡೆ ಆಗ್ತವೆ. ತಾಮ್ರದ ಲೇಪ ಇರೋ ಚರೆ ಅಂದ್ರೂ ಒಳಗೆ ಸೀಸ ಇರಬಹುದು, ಡಬ್ಬಿ ಮೇಲೆ ನಾನ್‌ಟಾಕ್ಸಿಕ್ ಅಂತ ಇದ್ಯಾ ನೋಡಿ. ಸಾರಿಗೆ ಹಾಕೋ ಮುಂಚೆ ಮಾಂಸದ ಮೇಲೆ ಅಯಸ್ಕಾಂತ ಆಡಿಸಿ, ಹೊರಗಡೆ ಇರೋ ಸ್ಟೀಲ್ ಸಿಕ್ಕತ್ತೆ, ಹಲ್ಲು ಉಳಿಯತ್ತೆ. ಬಿಸ್ಮತ್‌ಗೆ ಈ ಉಪಾಯ ನಡೆಯಲ್ಲ.

ಬಾತು ಬೇಟೆಗೆ ಹೊರಡೋ ದಿನ ಜಾಕೆಟ್ ಜೇಬೆಲ್ಲ ತಡಕಿ. ಹಿಂದಿನ ಸೀಸನ್ನಿನ ಒಂದು ಸೀಸದ ತೋಟಾ ಮೂಲೇಲಿ ಉಳಿದಿದ್ರೂ, ಅದನ್ನ ಹೊಡೀದೇ ಇದ್ರೂ, ಬೇಟೆ ನಿಯಮ ನೋಡ್ಕೊಳ್ಳೋ ವಾರ್ಡನ್ ಕೈಗೆ ಸಿಕ್ಕಿದ್ರೆ ದಂಡ ಬೀಳತ್ತೆ.